ಎರಡು ಗಂಟೆ ಅಂದರೆ ಎಳೆ

ನಮ್ಮ ನುಡಿಯಲ್ಲಿ ಅಮ್ಮನಿಗೆ ದೇದಾ, ಅಪ್ಪನಿಗೆ ಮಾಮಾ.
ಹೊರಗಿನವರು ನಗುತ್ತಾರೆ: ಇದೆಂಥ ಅದಲುಬದಲು!
ನಗಲಿ. ನಮ್ಮನೆ ಪಿಕ್ರಿಯಾ
ಅದನ್ನೂ ಅನ್ನಲಿಲ್ಲ, ಇದನ್ನೂ ಅನ್ನಲಿಲ್ಲ.
ಎರಡು ತುಂಬಿ ಮೇಲೆ ಐದು ತಿಂಗಳು.
ಪಿಕ್ರಿಯಾ ಅಂದರೆ ಯೋಚನೆ. ಹೆಸರಿಟ್ಟವಳು ನಾನೇ,
ಬೈಗುಳವೂ ನನಗೇ:
'ಯೋಚನೆ ಅಂತ ಕರೆದೆ, ಕೂತು ಯೋಚಿಸುತ್ತಿದೆ ನೋಡು.'

ಚಿಯಾತುರಾದ ಕೆಳಗಿನ ಠಾಣೆಯಲ್ಲಿ
ಮೂವತ್ತೊಂದು ವರ್ಷದಿಂದ ತಂತಿತೊಟ್ಟಿಲು ಎಳೆಯುವವಳು ನಾನು.
ಮೇಲೆ ಗಣಿ, ಕೆಳಗೆ ಕ್ವಿರಿಲಾ ಹೊಳೆ
(ಅರಚುವವಳು ಅಂತ ಆ ಹೆಸರಿನ ಅರ್ಥ),
ನಡುವೆ ಗಾಳಿಯಲ್ಲಿ ಜೋತ ತಗಡಿನ ಪೆಟ್ಟಿಗೆ.
ಒಂದು ಗಂಟೆ: ನಿಲ್ಲಿಸು. ಎರಡು: ಎಳೆ.
ಮೇಲಿನ ಠಾಣೆಯವನ ಜೊತೆ ಇಷ್ಟು ವರ್ಷ
ಇಷ್ಟೇ ನನ್ನ ಮಾತುಕತೆ. ಒಮ್ಮೆಯೂ ಜಗಳವಾಗಿಲ್ಲ.

ಝುಝುನಾ ಮೆಟ್ಟಿಲಲ್ಲಿ ಸಿಕ್ಕರೆ ಸಾಕು,
ಅವಳ ಮೊಮ್ಮಗ ಒಂದೂವರೆಗೇ
ವಾರದ ಹೆಸರೆಲ್ಲ ಒಪ್ಪಿಸಿದನಂತೆ, ಸೋಮವಾರ ಬಿಟ್ಟು.
(ಸೋಮವಾರವನ್ನು ಈಗಲೂ ಬಿಡುತ್ತಾನೆ, ಶಾಲೆಗೆ ಹೋಗುವುದಿಲ್ಲ.)
ಚರ್ಚಿನ ಗಂಟೆಯ ಮೇಲೆ ಸುರಿದ ನೀರು ಕುಡಿಸಿ ಅಂದರು.
ಕುಡಿಸಿದೆವು. ಪಿಕ್ರಿಯಾ ಲೋಟ ಕವುಚಿ
ಅದರ ತಳಕ್ಕೆ ಕಿವಿಯಿಟ್ಟಳು.
ಡಾಕ್ಟರು ಬೆನ್ನ ಹಿಂದೆ ಪರಪರ ಕಾಗದ ಹರಿದರು,
ತಟ್ಟನೆ ತಿರುಗಿದಳು.
'ಕಿವಿ ನೆಟ್ಟಗಿದೆ. ಆರು ತಿಂಗಳು ಬಿಟ್ಟು ಕರೆತನ್ನಿ.'

ಮಗಳು ಲಮಾರಾ ಒಂದು ನೋಟುಪುಸ್ತಕ ತಂದಳು.
ಮೇಲೆ ಬರೆದಳು: ಪದಗಳು. ಗೆರೆ ಎಳೆದಳು.
ಗೆರೆಯ ಕೆಳಗೆ ಹಾಳೆ ಬೆಳ್ಳಗೇ ಉಳಿಯಿತು.
ರಾತ್ರಿ ಪಾಳಿಯಿಂದ ಬಂದು, ಬೂಟೂ ಬಿಚ್ಚದೆ,
ಮಲಗಿದ ಮಗುವಿನ ತುಟಿ ನೋಡುತ್ತಾ ನಿಂತಿರುತ್ತಿದ್ದಳು.

ನನ್ನ ಜೊತೆ ಠಾಣೆಯಲ್ಲಿ ಮಾತ್ರ ಆ ಹುಡುಗಿ
ಸುಮ್ಮನಿದ್ದದ್ದೇ ಇಲ್ಲ.
ಬೆರಳು ಹಿಡಿದು ಎಳೆದರೆ ಕಾಗೆ ಬಂದಿದೆ ಅಂತ,
ಮಣಿಕಟ್ಟು ಹಿಡಿದರೆ ಒಲೆ ಆರಿದೆ ಅಂತ.
ಗಾಲಿ ಕಿರ್ರೆಂದರೆ ಎಣ್ಣೆಡಬ್ಬಿಯತ್ತ ನೋಡುವಳು.
ಗಂಟೆ ಹೊಡೆಯುವ ಮೊದಲೇ, ತಂತಿಯ ನಡುಕದಲ್ಲೇ ತಿಳಿದು,
ಎರಡು ಬೆರಳು ಎತ್ತುವಳು: ಎಳೆ.
ಇದನ್ನು ಯಾವ ಗೆರೆಯ ಕೆಳಗೆ ಬರೆಯೋಣ?

ಡಿಸೆಂಬರಿನ ಒಂದು ಬೆಳಗ್ಗೆ ವಾರ್ಲಾಮ್ ಬಂದ,
ಕಂಕುಳಲ್ಲಿ ಗೋಣಿಚೀಲ.
ಚೀಲದ ಬಾಯಿಂದ ಉದ್ದ ಕುತ್ತಿಗೆಯೊಂದು ಹೊರಬಂತು,
ಕಿತ್ತಳೆ ಕೊಕ್ಕು, ಗುಂಡು ಕಣ್ಣು.
ಪಿಕ್ರಿಯಾಳನ್ನು ಅಡಿಯಿಂದ ಮುಡಿಯವರೆಗೆ ಅಳೆದು
ಒಂದು ಸಲ ಅರಚಿತು.
ಅವಳೂ ಅಳೆದಳು. ಆಮೇಲೆ,
ದಿನಾ ಮಾತಾಡುತ್ತಿದ್ದವಳ ಹಾಗೆ,
'ಬಾತಿ' ಅಂದಳು.

ಹೆಬ್ಬಾತಿಗೆ ನಾವು ಬಾತಿ ಅನ್ನುತ್ತೇವೆ.
ದೇದಾ ಅಲ್ಲ, ಮಾಮಾ ಅಲ್ಲ,
ಬೆಳಗಿಂದ ಬೈಗಿನವರೆಗೆ ಮೂಗು ಒರೆಸುವ ಅಜ್ಜಿಯೂ ಅಲ್ಲ!
ಸನ್ನೆಕೋಲಿನ ಮೇಲೆ ನನ್ನ ಕೈ ಮರೆತೇಹೋಗಿತ್ತು.
ಮೇಲಿನವನು ಎರಡು ಹೊಡೆದ, ಮತ್ತೆ ಎರಡು,
ಮತ್ತೆ ಸಿಟ್ಟಿನಿಂದ ಎರಡು.

ಸಂಜೆ ಪುಸ್ತಕದಲ್ಲಿ ನಾನೇ ಬರೆದೆ: ಬಾತಿ.
ಲಮಾರಾ ಮಗುವನ್ನು ಮಡಿಲಿಗೆಳೆದು, 'ಹೇಳು ಚಿನ್ನ, ಹೇಳು.'
ಚಿನ್ನ ಅಂಗಿಯ ಗುಂಡಿ ಬಾಯಿಗಿಟ್ಟುಕೊಂಡಿತು.
'ನಿನಗೆ ಕೇಳಿಸಿದ್ದು ಗಾಲಿಯ ಸದ್ದು ಕಣಮ್ಮ' ಅಂದು
ಪದದ ಪಕ್ಕ ಒಂದು ಪ್ರಶ್ನೆಚಿಹ್ನೆ ಹಾಕಿದಳು.
ಆಮೇಲೆ ಹದಿನಾರು ದಿನ
ಮನೆಯಲ್ಲಿ ಒಂದಕ್ಷರವಿಲ್ಲ.

ಹೊಸವರ್ಷ ಬಂತು, ಹೋಯಿತು.
ವಾರ್ಲಾಮ್ ಬಂದ. ಹೊಸ ಟೊಪ್ಪಿ, ಮೈಯಲ್ಲಿನ್ನೂ ಬೆಳ್ಳುಳ್ಳಿ ವಾಸನೆ.
ಪಿಕ್ರಿಯಾ ಅವನ ಎಡಗಂಕುಳು ನೋಡಿದಳು,
ಸುತ್ತಿ ಹೋಗಿ ಬಲಗಂಕುಳು ನೋಡಿದಳು,
ಕೋಟಿನ ಅಂಚೆತ್ತಿ ಒಳಗೂ ಇಣುಕಿದಳು.
ಕೊನೆಗೆ ಅವನ ಮುಖ ನೋಡಿ ಕೇಳಿದಳು:
'ಬಾತಿ?'

ಬೆಂಚಿನ ಮೇಲೆ ತೂಕಡಿಸುತ್ತಿದ್ದ ಲಮಾರಾ
ಧಡಕ್ಕನೆ ಎದ್ದು ಕೂತಳು.
ಪ್ರಶ್ನೆಚಿಹ್ನೆ ಹಾಕಿದ್ದು ಸರಿಯೇ ಆಯಿತು.

ಗಣಿಯಲ್ಲಿ ಇಪ್ಪತ್ತು ಆಳಿನ ಮೇಲೆ ಗುಡುಗುವ ವಾರ್ಲಾಮ್
ಟೊಪ್ಪಿ ತೆಗೆದ, ಹಾಕಿಕೊಂಡ,
ನನ್ನ ಕಡೆ ನೋಡಿದ, ಹೊಳೆಯ ಕಡೆ ನೋಡಿದ.
ಬಾಯಿ ತೆರೆದ. ಮುಚ್ಚಿದ.
ಮೇಲಿನಿಂದ ಎರಡು ಗಂಟೆ.
ಎಳೆಯಲಿಲ್ಲ ನಾನು. ಕಾಯಲಿ ಎಲ್ಲರೂ.
ಇವನಿಗೂ ಮಾತು ಬರಲಿ.