ಕದ ಎತ್ತ ತೆರೆಯಬೇಕು

ಸಲ್ಮಾಬಾದಿನ ನಮ್ಮ ಅಂಗಡಿಯಲ್ಲಿ
ಗೋಡೆಯಿಲ್ಲದ ಹದಿನಾಲ್ಕು ಬಾಗಿಲು ಸಾಲಾಗಿ ನಿಂತಿವೆ.
ಗಿರಾಕಿಗಳು ತೆರೆಯುತ್ತಾರೆ, ದಾಟುತ್ತಾರೆ,
ದಾಟಿದ ಮೇಲೂ ಅದೇ ಅಂಗಡಿಯೊಳಗಿರುತ್ತಾರೆ.
ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ,
ತೆಂಗಿನಕಾಯಿ ಆರಿಸುವ ಹಾಗೆ.

ತಪ್ಪಲ್ಲ, ನಾನೂ ಬಡಿಯುತ್ತೇನೆ.
ಆದರೆ ಎಲ್ಲರಿಗೂ ಬೀಗದ್ದೇ ಮಾತು:
ಎಷ್ಟು ಅಗುಳಿ, ಯಾವ ದೇಶದ ಕೀಲಿ,
ಬೆರಳಿಟ್ಟರೆ ತೆರೆಯುತ್ತದೆಯೇ?
ಬಾಗಿಲವಾಡದ ಸುದ್ದಿ ಯಾರೂ ಎತ್ತುವುದಿಲ್ಲ.
ಜಾಣ ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ ಸ್ವಾಮಿ,
ಸಡಿಲ ಗಾರೆಯಿಂದ ಬಾಗಿಲವಾಡವನ್ನೇ
ಹಾಲುಹಲ್ಲಿನಂತೆ ಕೀಳುತ್ತಾನೆ.
ಇಷ್ಟು ಹೇಳಿದರೆ ಮುದೀರ್ ಕಣ್ಣು ಬಿಡುತ್ತಾರೆ:
ಅಣ್ಣಪ್ಪ, ನಿನಗೆ ಸಂಬಳ ಅಳತೆಗೆ, ಮಾತಿಗಲ್ಲ.

ಮುಹರಕ್ಕಿನ ಓಣಿಯಲ್ಲಿ
ನಮ್ಮ ಗಾಡಿ ಹೋಗಲಿಲ್ಲ, ಏಣಿ ಹೊತ್ತು ನಡೆದೆವು.
ಪಕ್ಕದ ಮನೆಗೆ ಕಳ್ಳರು ಬಂದು ತಿಂಗಳಾಗಿತ್ತು.
ಉಮ್ಮ್ ಘಾನಿಮ್ ಹಳೆಯ ಸಾಗುವಾನಿ ಕದಕ್ಕೆ
ಒರಗಿ ಕೂತಿದ್ದಳು. ಹಿತ್ತಾಳೆ ಮೊಳೆಗಳಿಗೆ
ಉಪ್ಪುಗಾಳಿಯ ಹಸಿರು.
ಉಕ್ಕಿನ ಕದದ ಚಿತ್ರ ತೋರಿಸಿದೆ.
ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:
ಇದರಲ್ಲಿ ಫರ್ಖಾ ಎಲ್ಲಿ?

ದೊಡ್ಡ ಕದದ ಹೊಟ್ಟೆಯೊಳಗೊಂದು ಪುಟ್ಟ ಕದ.
ಬಂದವನು ತಲೆ ಬಗ್ಗಿಸಿ ಮೊದಲು ತಲೆಯನ್ನೇ ಒಳಗಿಡಬೇಕು,
ಒಬ್ಬೊಬ್ಬನೇ. ಯಾರ ತಲೆ ಎಂದು
ಮನೆಯವರು ನೋಡುವಷ್ಟು ಹೊತ್ತು ಸಿಗುತ್ತದೆ.
ನಮ್ಮಲ್ಲಿ ಅದಕ್ಕೆ ದಿಡ್ಡಿ ಎನ್ನುತ್ತಾರೆ, ಎಂದೆ.
ದಿದ್ದಿ, ಎಂದಳು, ಬಾಯಿಗೆ ಹೊಂದಿಸಿಕೊಂಡು.
ನನ್ನ ಮುರುಕು ಅರಬ್ಬಿಯಲ್ಲಿ ಗಾದೆಯನ್ನೂ ಹೇಳಿದೆ:
ಕೋಟೆ ಕೊಳ್ಳೆ ಹೋದ ಮೇಲೆ
ದಿಡ್ಡಿ ಬಾಗಿಲು ಹಾಕಿದರಂತೆ.
ನಕ್ಕಳು. ಆಮೇಲೆ ನಗು ನಿಲ್ಲಿಸಿ:
ಕಳ್ಳ ಇನ್ನೂ ಒಳಗೇ ಇದ್ದಿದ್ದರೆ?

ಉಕ್ಕಿನಲ್ಲಿ ದಿಡ್ಡಿಗೆ ತೊಂಬತ್ತು ದಿನಾರ್ ಹೆಚ್ಚು.
ಮಗ ಫೋನಿನಲ್ಲೇ ಬೇಡವೆಂದ.
ಕಂಡಿ ಕೊರೆಯುವಾಗ ಮಾತ್ರ
ಕ್ಯಾಟಲಾಗಿನ ಎತ್ತರ ಬಿಟ್ಟೆ,
ಅವಳನ್ನು ನಿಲ್ಲಿಸಿ, ಅವಳ ಕಣ್ಣಿಗೆ
ಪೆನ್ಸಿಲ್ ಗುರುತು ಹಾಕಿದೆ.
ಹಳೆ ಕದವನ್ನು ಗೋಡೆಗೆ ಒರಗಿಸುವಾಗ
ಬೆಕ್ಕೊಂದು ಅದರ ದಿಡ್ಡಿಯಲ್ಲಿ ತೂರಿ
ಗೋಡೆಗೆ ಮೂಗು ತಾಗಿಸಿಕೊಂಡಿತು.

ಈಸಾ ಟೌನಿನ ಶಿಶುಶಾಲೆಯಲ್ಲಿ
ಮೇಡಂಗೆ ಎಲ್ಲಕ್ಕಿಂತ ಗಟ್ಟಿ ಬೀಗವೇ ಬೇಕು.
ಮಂಡಿಯೂರಿದೆ. ನಾಲ್ಕು ವರ್ಷದ ಎತ್ತರದಿಂದ
ಚಿಲಕ ಅಟ್ಟದ ಮೇಲಿನ ಡಬ್ಬಿಯಷ್ಟು ದೂರ.
ಕರೆಂಟು ಹೋಗಿ, ಹೊಗೆ ತುಂಬಿ,
ಇನ್ನೂರು ಮಕ್ಕಳು ಒಮ್ಮೆಗೇ ಓಡಿ ಬಂದರೆ
ಈ ಕದ ಎತ್ತ ತೆರೆಯಬೇಕು, ಮೇಡಂ?
ಅವರು ಕಾವಲುಗಾರನನ್ನು ಕರೆದು
ಒಳಗಿನಿಂದ ತಳ್ಳಲು ಹೇಳಿದರು.
ತಳ್ಳಿದ. ಇನ್ನೊಮ್ಮೆ ತಳ್ಳಿದ.
ಹೊರಗೆ ತೆರೆಯುವ ಕದ,
ಸೊಂಟದೆತ್ತರಕ್ಕೆ ಅಡ್ಡಪಟ್ಟಿ,
ಒತ್ತಿದರೆ ಸಾಕು, ಕೀಲಿಯ ಹಂಗಿಲ್ಲ.
ನಾನು ಬರೆದುಕೊಂಡೆ. ಸೊಂಟ ಯಾರದು?
ಮಕ್ಕಳದು, ಎಂದೂ ಬರೆದೆ.

ಮೊನ್ನೆ ಬಂದ ಆರ್ಡರಿಗೆ
ಟೇಪು ಬಿಚ್ಚುವ ಅಗತ್ಯವೇ ಬೀಳಲಿಲ್ಲ.
ಕಾರ್ಮಿಕರ ಕ್ಯಾಂಪು, ಇಪ್ಪತ್ತಾರು ಕೋಣೆ,
ಅದರಲ್ಲಿ ಹತ್ತೊಂಬತ್ತನೆಯದು ನಮ್ಮದು:
ಎಂಟು ಮಂಚ, ಒಂದು ಕೀಲಿ,
ಅದೂ ಹೊಸ್ತಿಲ ಬಳಿಯ ಚಪ್ಪಲಿಯೊಳಗೆ.
ಅಗ್ಗದ ಕದ ಸಾಕು ಎಂದಿತ್ತು ಚೀಟಿ.
ಕೆಳಗೆ, ಬೇರೆ ಶಾಯಿಯಲ್ಲಿ,
ಹೊರಗಿನಿಂದಲೂ ಅಗುಳಿ ಇರಲಿ.

ಮುನವ್ವರ್ ನನ್ನ ಮುಖ ನೋಡಿದ.
ನಾನು ಕೊಡಬಹುದಾದ ಕದಗಳ ಪಟ್ಟಿ ನೋಡಿದೆ.
ಹನ್ನೊಂದು ವರ್ಷದ ಅಳತೆ ಪುಸ್ತಕ,
ಒಂದು ಸೂತು ತಪ್ಪಿಲ್ಲ.
ಹೊರ ಅಗುಳಿ: ಸರಕು ಮುಗಿದಿದೆ,
ಎಂದು ಬರೆದು ಸಹಿ ಹಾಕಿದೆ.
ಗೋದಾಮಿನಲ್ಲಿ ಎರಡು ಪೆಟ್ಟಿಗೆ ತುಂಬ ಇದೆ.

ನಿನ್ನೆ ರಾತ್ರಿ ನಮ್ಮ ಕೋಣೆಗೆ ಹೊಸ ಕದ ಬಂತು.
ಎರಡೂ ಕೈಯಲ್ಲಿ ಎಂಜಲು ತಟ್ಟೆ ಹಿಡಿದ ಮುನವ್ವರ್
ಮೊಣಕೈಯಲ್ಲಿ ತಳ್ಳಿದ.
ತೆರೆಯಿತು.
ಸ್ವಲ್ಪ ಕಿರುಗುಡುತ್ತದೆ, ಬಿಜಾಗರಿಗೆ ಎಣ್ಣೆ ಬೇಕು,
ಎಂದು ಹೊರಗಿನಿಂದ ಕೂಗಿದ.