ಐದನೇ ರೀಲು

ಡಬ್ಬದ ಮೇಲೆ ನನ್ನ ಸಹಿ ಬೇಕಂತೆ.
ಕೇಳಿ ಕೇಳಿ ಆಂಡರ್‌ಸನ್‌ಪೇಟೆಗೆ ಬಂದಿದ್ದಾನೆ,
ಕೈಗೆ ಬಿಳಿ ಗ್ಲೌಸು,
ಹೆರಿಗೆ ಮಾಡಿಸುವವನ ಹಾಗೆ.

ಒಂಬತ್ತೇ ಜನ ನೋಡಿದ ಸಿನಿಮಾ,
ಅದರಲ್ಲಿ ಇಬ್ಬರು ಗೇಟ್‌ಕೀಪರುಗಳು.
'ಅದಕ್ಕೇ ಮೇಡಂ ಬೆಲೆ' ಅಂದ.
ತುಕ್ಕಿನ ಮುಚ್ಚಳ ತೆಗೆದರೆ ಹುಳಿ ವಾಸನೆ,
ಕೆಟ್ಟ ಉಪ್ಪಿನಕಾಯಿಯದು;
ಅವನು ಕಣ್ಣು ಮುಚ್ಚಿ ಒಳಗೆಳೆದುಕೊಂಡ.

ಕತೆಯೇನಿಲ್ಲ. ಸೈನೈಡ್ ದಿಬ್ಬದ ಎದುರು
ಚಿತ್ರ ಬರೆಯುವವನೊಬ್ಬ, ಖಾಲಿ ಕ್ಯಾನ್ವಾಸು.
ಗಾಳಿಗೆದ್ದ ಪುಡಿ ಬಂದು ಮೆತ್ತುತ್ತದೆ,
ಒರೆಸುತ್ತಾನೆ. ಮತ್ತೆ ಮೆತ್ತುತ್ತದೆ.
ನಾನು ಹೆಂಡತಿ. ನನಗೊಂದೇ ಮಾತು:
'ಕಾಫಿ ಆರಿಹೋಯ್ತು.'
ಅದನ್ನು ಇವನು ನನಗೇ ಹೇಳಿ ತೋರಿಸಿದ,
ನನಗಿಂತ ಚೆನ್ನಾಗಿ.

ಇವನಿಗೆ ಗೊತ್ತಿಲ್ಲ, ನಿರ್ದೇಶಕ ದೇವಸಹಾಯಂ
ಆ ಲೋಟ ನನ್ನ ಕೈಲಿ ಹದಿನಾಲ್ಕು ಸಲ ತರಿಸಿದ್ದು,
ಹದಿನೈದನೇ ಸಲ ಕ್ಯಾಮೆರಾದ ಮುಂದೆ ತಾನೇ ಬಂದು
ಕುಕ್ಕರಗಾಲಲ್ಲಿ ಕೂತು
'ಏನೂ ಹುಟ್ತಾ ಇಲ್ಲಮ್ಮ' ಅಂದದ್ದು.
ಆರಿದ ಕಾಫಿ ಅವನೇ ಕುಡಿದ.
ಕ್ಯಾಮೆರಾ ನಿಲ್ಲಿಸುವುದು ಹುಡುಗನಿಗೆ ಹೊಳೆಯಲಿಲ್ಲ.
ಅದೇ ಕೊನೆಯ ರೀಲಾಯಿತು.

'ಮನೇಲಿ ಹಾಕಿ ನೋಡ್ತೀಯಾ?' ಅಂದೆ.
'ಅಯ್ಯೋ, ಓಡಿಸಿದ್ರೆ ಹರಿದುಹೋಗುತ್ತೆ!
ಗಾಜಿನ ಬೀರುನಲ್ಲಿರುತ್ತೆ.'
ಸಹಿ ಒಣಗಲೆಂದು ಊದಿದ. ದುಡ್ಡು ಎಣಿಸಿದ.
ಆಮೇಲೆ ಡಬ್ಬಗಳನ್ನೂ ಎಣಿಸಿದ.
'ಐದನೇದು?'

ಹಿತ್ತಲ ಬಾಗಿಲು ತೆರೆದೆ.
ಸೀಬೆಮರದ ಕೊಂಬೆಕೊಂಬೆಗೂ ಅದೇ,
ಗಿಳಿಕಾಟಕ್ಕೆಂದು ಹೋದ ತಿಂಗಳು ಕಟ್ಟಿದ್ದು,
ಬಿಸಿಲಲ್ಲಿ ಫಳಫಳ ಅನ್ನುತ್ತಿತ್ತು.
ಒಂದು ವಾರ ಹೆದರಿದ್ದವು, ಅಷ್ಟೇ.

ಅವನು ಗ್ಲೌಸು ಬಿಚ್ಚಿ
ಒಂದು ಸ್ಟೂಲು ಕೇಳಿದ.