ಸಹಿ

ಎತೆರಿ, ನೀನು ದೊಡ್ಡವಳೆಂದೇ ನಾನು ತಿಳಿದಿದ್ದೆ.
ಒಲೆ ಎಟುಕದೆ ನೀನು ಸ್ಟೂಲು ಎಳೆದುಕೊಳ್ಳುತ್ತಿದ್ದೆಯಲ್ಲ,
ಆಗಲೂ ನನಗೆ ಅನುಮಾನ ಬರಲಿಲ್ಲ.

ಚಿಯಾತುರಾದ ಆ ಚಳಿಗಾಲ.
ಕರೆಂಟು ಬಂದರೆ ಬಂತು.
ಗಣಿಯ ಮಸಿಗೆ ಹೊಳೆಯೇ ಕಪ್ಪಗೆ ಹರಿಯುತ್ತಿತ್ತು.
ತಗಡಿನ ಕೇಬಲ್ ಕಾರು ನಡುವೆ ನಿಂತು ತೂಗುವಾಗ
"ಕೆಳಗೆ ನೋಡಬೇಡ, ನನ್ನ ಗುಂಡಿ ಎಣಿಸು" ಅನ್ನುತ್ತಿದ್ದೆ ನೀನು.
ನಿನ್ನ ಕೋಟಿಗೆ ಐದು ಗುಂಡಿ. ಒಂದು ಅಪ್ಪನ ಅಂಗಿಯದು.

ಅಪ್ಪ ಎಲ್ಲಿ ಎಂದವರಿಗೆ, "ಪಾಳಿಯಲ್ಲಿ."
ಅವನನ್ನು ಪಾಳಿಯಿಂದ ತೆಗೆದೇ ವರ್ಷವಾಗಿತ್ತು.
ಅಮ್ಮ ಎಲ್ಲಿ ಎಂದವರಿಗೆ, "ಈಗಷ್ಟೇ ಮಲಗಿದಳು."
ಅದರಲ್ಲಿ "ಈಗಷ್ಟೇ" ಒಂದೇ ಸುಳ್ಳು.

ರೊಟ್ಟಿಯ ಸಾಲಿನಲ್ಲಿ ಮುದುಕಿಯರ ನಡುವೆ
ಅವರಂತೆಯೇ ಸೊಂಟಕ್ಕೆ ಕೈಯಿಟ್ಟು
ಬೆಲೆಗೆ ಶಾಪ ಹಾಕುತ್ತಿದ್ದೆ. ಅವರು ನಗುತ್ತಿದ್ದರು, ನೀನಲ್ಲ.
ಬಿಸಿ ರೊಟ್ಟಿಯ ಗರಿಗರಿ ತುದಿ ಮುರಿದು ನನ್ನ ಕೈಗಿಟ್ಟು
"ನನಗೆ ತುದಿ ಸೇರದು" ಎಂದೆ.
ಅದನ್ನೂ ನಂಬಿದೆ.

ಶಾಲೆಯ ಚೀಟಿಗಳಿಗೆ ಅಮ್ಮನ ಸಹಿ ನೀನೇ ಹಾಕುತ್ತಿದ್ದೆ,
ಸೀಮೆಎಣ್ಣೆ ದೀಪಕ್ಕೆ ಬಗ್ಗಿ, ನಾಲಿಗೆ ಕಚ್ಚಿಕೊಂಡು.
ಕೊನೆಯ ಅಕ್ಷರಕ್ಕೊಂದು ಬಾಲ,
ಹೊಳೆ ದಾಟುವ ತಂತಿಯ ಹಾಗೆ ಉದ್ದಕ್ಕೆ.
ಇಡೀ ವರ್ಷ ಒಬ್ಬರೂ ಕೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಯಾಕೋ,
ಅಮ್ಮ ಎದ್ದಳು. ತಲೆ ಬಾಚಿಕೊಂಡಳು.
"ಎಲ್ಲಿ, ಆ ಚೀಟಿ ಕೊಡು" ಅಂದಳು.
ತನ್ನ ಹೆಸರನ್ನು ತಾನೇ ಬರೆದಳು.
ಮರುದಿನ ಲಮಾರಾ ಟೀಚರು ವಾಪಸು ಕಳಿಸಿದರು,
ಕೆಂಪು ಶಾಯಿಯಲ್ಲಿ:
ಇದು ತಾಯಿಯ ಸಹಿ ಅಲ್ಲ.

ನೀನು ಅದನ್ನು ಪುಸ್ತಕದೊಳಗೆ ಅಡಗಿಸಿದೆ.
ನಾನು ಹುಡುಕಿ ಅಮ್ಮನಿಗೆ ತೋರಿಸಿದೆ;
ಆರು ವರ್ಷದವನು, ತಮಾಷೆ ಅಂದುಕೊಂಡೆ.
ಬಹಳ ಹೊತ್ತು ಹಿಡಿದುಕೊಂಡಿದ್ದು,
ಮಡಚಿ, ದಿಂಬಿನ ಕೆಳಗಿಟ್ಟು
ಅವಳು ಗೋಡೆಯ ಕಡೆ ಹೊರಳಿದಳು.

ನಿನ್ನೆ ಪಿಂಚಣಿಗೆಂದು ಅವಳನ್ನು ಕರೆದೊಯ್ದಿದ್ದೆ.
ಕನ್ನಡಕ ಮರೆತಿದ್ದಳು, ಕೈ ನಡುಗುತ್ತಿತ್ತು,
ಹಿಂದಿನ ಸಾಲು ಗೊಣಗುತ್ತಿತ್ತು.
ಅವಸರಪಡದೆ ಬರೆದಳು. ಕೊನೆಯ ಅಕ್ಷರಕ್ಕೆ ಬಂದು,
ಉಸಿರು ಹಿಡಿದು,
ಬಾಲ ಎಳೆದಳು, ಉದ್ದಕ್ಕೆ,
ಕಾಗದದ ಅಂಚಿನವರೆಗೆ.
ಕಿಟಕಿಯಾಚೆಯ ಹುಡುಗಿ ಹಳೆಯ ಸಹಿಯ ಪಕ್ಕ ಹಿಡಿದು ನೋಡಿ
"ಸರಿಯಿದೆ" ಅಂದಳು.

ಎತೆರಿ, ಆಗ ನಿನಗೆ ಒಂಬತ್ತು.
ಬೆರಳು ಮಡಚಿ ನಾನು ಲೆಕ್ಕ ಹಾಕಿದ್ದು
ಮನೆಗೆ ಬರುವ ದಾರಿಯಲ್ಲಿ,
ನಿನ್ನೆ.